ಮಾಲಾದಿಂದ ಛಾಯಾವರೆಗೆ: ಮೂರು ಥರದ ಗರ್ಭನಿರೋಧಕ ಮಾತ್ರೆ ಬಳಸಿದವಳ ವಿಮರ್ಶೆ

ಮದುವೆಯಾದ ಹೊಸದರಲ್ಲಿ ಎರಡು ಹಾರ್ಮೋನಿನ ಮಾತ್ರೆ. ಮಗುವಿಗೆ ಹಾಲುಣಿಸುವಾಗ ಒಂದೇ ಹಾರ್ಮೋನಿನ ಮಾತ್ರೆ. ಆಮೇಲಿಂದ ಇವತ್ತಿನವರೆಗೆ ವಾರಕ್ಕೊಂದು ನುಂಗುವ ಛಾಯಾ. ಈ ಮೂರನ್ನೂ ಸಾಕಷ್ಟು ಕಾಲ ಬಳಸಿದ್ದೇನೆ. ಮೂರೂ ತಮ್ಮ ಕೆಲಸ ಮಾಡಿದವು. ಆದರೆ ಒಂದು ಇನ್ನೊಂದರಂತಿಲ್ಲ. ಒಬ್ಬಳಿಗೆ ಹಿಡಿಸಿದ್ದು ಇನ್ನೊಬ್ಬಳಿಗೆ ಅಪಾಯ ಆಗಬಹುದು.

ಮೆಡಿಕಲ್ ಶಾಪಿನಲ್ಲಿ "ಮಕ್ಕಳಾಗದ ಮಾತ್ರೆ ಕೊಡಿ" ಅಂದರೆ ಯಾವುದೋ ಒಂದು ಸ್ಟ್ರಿಪ್ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಬಿಪಿ ಇದೆಯಾ, ಮೈಗ್ರೇನ್ ಬರುತ್ತಾ, ಎದೆಹಾಲು ಕೊಡ್ತಿದ್ದೀರಾ ಅಂತ ಹೆಚ್ಚಿನ ಕಡೆ ಯಾರೂ ಕೇಳುವುದಿಲ್ಲ. ನಮಗೂ ನಾಲ್ಕು ಜನರ ಮುಂದೆ ಮಾತಾಡಲು ಸಂಕೋಚ, ಬೇಗ ದುಡ್ಡು ಕೊಟ್ಟು ಹೊರಟುಬಿಡುತ್ತೇವೆ. ಮುಖ್ಯವಾದ ವಿಷಯ ತಪ್ಪಿಹೋಗುವುದು ಅಲ್ಲಿಯೇ. ನನಗೆ ಗೊತ್ತಾದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಓದಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಮೊದಲು ಎರಡು ಹಾರ್ಮೋನಿನ ಮಾತ್ರೆಯ ವಿಷಯ. ಡಾಕ್ಟರುಗಳು ಇದನ್ನು ಕಂಬೈನ್ಡ್ ಪಿಲ್ ಅನ್ನುತ್ತಾರೆ. ಈಸ್ಟ್ರೋಜನ್ ಒಂದು, ಪ್ರೊಜೆಸ್ಟಿನ್ ಒಂದು. ತಿಂಗಳಿಗೊಮ್ಮೆ ಅಂಡಾಣು ಬಿಡುಗಡೆಯಾಗುವುದನ್ನೇ ಇದು ನಿಲ್ಲಿಸುತ್ತದೆ. ಗರ್ಭಕೋಶದ ಬಾಯಿಯ ಹತ್ತಿರ ಲೋಳೆ ಗಟ್ಟಿಯಾಗುವುದರಿಂದ ವೀರ್ಯಾಣು ಒಳಗೆ ಹೋಗುವುದೂ ಕಷ್ಟವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಈ ಗುಂಪಿನದು. ಮಾಲಾ-ಡಿ, ಅಂಗಡಿಯ ಓವ್ರಲ್-ಎಲ್ ಕೂಡ ಇದೇ. ಮೂರರಲ್ಲೂ ಇರುವ ಔಷಧಿ ಒಂದೇ, ಪ್ರಮಾಣವೂ ಒಂದೇ: ಲೆವೊನಾರ್ಜೆಸ್ಟ್ರೆಲ್ (ಇದು ಪ್ರೊಜೆಸ್ಟಿನ್) 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಯೋಲ್ (ಇದು ಈಸ್ಟ್ರೋಜನ್) 0.03 ಮಿಲಿಗ್ರಾಂ. ಪುಕ್ಕಟೆ ಕೊಡುವುದು ಕಳಪೆ ಅಂತ ಯಾರಾದರೂ ಹೇಳಿದರೆ ಸ್ಟ್ರಿಪ್ಪಿನ ಹಿಂದೆ ಬರೆದಿರುವುದನ್ನು ತೋರಿಸಿ.

ಮಾಲಾ ಪ್ಯಾಕಿನಲ್ಲಿ 28 ಮಾತ್ರೆ ಇರುತ್ತವೆ. 21 ಹಾರ್ಮೋನಿನವು, ಬೇರೆ ಬಣ್ಣದ 7 ಕಬ್ಬಿಣದವು. ಕಬ್ಬಿಣದ ಮಾತ್ರೆ ನುಂಗುವ ವಾರದಲ್ಲಿ ಮುಟ್ಟು ಬರುತ್ತದೆ. ಪ್ಯಾಕ್ ಮುಗಿದ ಮಾರನೇ ದಿನವೇ ಹೊಸದು ಶುರು. ಕೆಲವು ಕಂಪನಿಯ ಪ್ಯಾಕಿನಲ್ಲಿ 21 ಮಾತ್ರೆ ಮಾತ್ರ ಇರುತ್ತವೆ. ಅಂಥದ್ದಾದರೆ 7 ದಿನ ಬಿಟ್ಟು, 8ನೇ ದಿನ ಹೊಸ ಪ್ಯಾಕ್ ತೆರೆಯಬೇಕು. ಈ 7 ದಿನ ಎಷ್ಟೋ ಜನರಿಗೆ 9, 10 ಆಗಿಬಿಡುತ್ತದೆ. ಬಸಿರು ನಿಲ್ಲುವುದು ಹೆಚ್ಚಾಗಿ ಅಂಥ ಹೊತ್ತಲ್ಲೇ. ಒಂದು ದಿನವೂ ತಪ್ಪದೆ ತೆಗೆದುಕೊಂಡರೆ ವರ್ಷಕ್ಕೆ 1000 ಹೆಂಗಸರಲ್ಲಿ ಸುಮಾರು 3 ಜನಕ್ಕೆ ಮಾತ್ರ ಗರ್ಭ ನಿಲ್ಲುತ್ತದೆ. ನಿತ್ಯದ ಬದುಕಿನಲ್ಲಿ ಮರೆವು, ಪ್ರಯಾಣ, ಕಾಯಿಲೆ ಎಲ್ಲ ಸೇರಿದರೆ ಅದು 100ಕ್ಕೆ 7ರವರೆಗೂ ಹೋಗುತ್ತದೆ. ಮಾತ್ರೆಯ ಶಕ್ತಿ ಅಷ್ಟೇ ಇದೆ, ವ್ಯತ್ಯಾಸ ಆಗುವುದು ದಿನಚರಿಯಿಂದ. ಅದಕ್ಕೇ ನಮ್ಮ ಮನೆಯಲ್ಲಿ ನೆನಪಿಡುವ ಕೆಲಸ ಇಬ್ಬರದ್ದೂ. ರಾತ್ರಿ ಊಟ ಆದಮೇಲೆ ನಮ್ಮವರೇ ಕೇಳುತ್ತಿದ್ದರು, "ಮಾತ್ರೆ ಆಯ್ತಾ?" ಅಂತ. ಮಗು ಯಾವಾಗ ಬೇಕು ಅನ್ನುವುದು ಇಬ್ಬರ ನಿರ್ಧಾರ ಆದಮೇಲೆ ನೆನಪಿಡುವುದೂ ಇಬ್ಬರ ಕೆಲಸ ಅಲ್ವಾ?

ಒಂದು ದಿನ ತಪ್ಪಿದರೆ ನೆನಪಾದ ತಕ್ಷಣ ನುಂಗಿ, ಉಳಿದದ್ದನ್ನು ಎಂದಿನ ಹೊತ್ತಿಗೆ ಮುಂದುವರಿಸಿ. ಒಂದೇ ದಿನ ಎರಡು ಆದರೂ ಪರವಾಗಿಲ್ಲ. ಎರಡು ಅಥವಾ ಜಾಸ್ತಿ ದಿನ ತಪ್ಪಿದರೆ ಕೊನೆಗೆ ತಪ್ಪಿದ್ದನ್ನು ತೆಗೆದುಕೊಂಡು ಮುಂದುವರಿಸಿ, ಜೊತೆಗೆ 7 ದಿನ ಕಾಂಡೋಮ್ ಬಳಸಿ. ತಪ್ಪಿದ್ದು ಮೂರನೇ ವಾರದಲ್ಲಾದರೆ ಕಬ್ಬಿಣದ ಮಾತ್ರೆ ಬಿಟ್ಟು ನೇರ ಹೊಸ ಪ್ಯಾಕಿಗೆ ಹೋಗಿ. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು.

ನನ್ನ ಅನುಭವ ಹೇಳುವುದಾದರೆ, ಶುರುವಿನಲ್ಲಿ ವಾಕರಿಕೆ ಇತ್ತು. ಎದೆ ಬಿಗಿದ ಹಾಗೆ, ಮುಟ್ಟಿನ ನಡುನಡುವೆ ಸ್ವಲ್ಪ ರಕ್ತದ ಕಲೆ. ಬೆಳಗಿನ ಬದಲು ರಾತ್ರಿ ಊಟದ ನಂತರ ತೆಗೆದುಕೊಂಡದ್ದರಿಂದ ವಾಕರಿಕೆ ಕಡಿಮೆಯಾಯಿತು. ಎರಡು ಮೂರು ತಿಂಗಳಲ್ಲಿ ಎಲ್ಲ ಸರಿಹೋಯಿತು. ಲಾಭ ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಹೈಸ್ಕೂಲಿನಿಂದಲೂ ನನಗೆ ಮುಟ್ಟಿನ ಹೊಟ್ಟೆನೋವು ವಿಪರೀತ. ಮೊದಲ ದಿನ ಎದ್ದು ಓಡಾಡಲೂ ಆಗುತ್ತಿರಲಿಲ್ಲ. ಮಾತ್ರೆ ತೆಗೆದುಕೊಂಡ ಆ ಕಾಲದಲ್ಲಿ ನೋವು ತುಂಬ ಇಳಿಯಿತು, ಸ್ರಾವವೂ ಕಡಿಮೆಯಾಯಿತು. ರಕ್ತಹೀನತೆ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಕೆಲವರಿಗೆ ಮೊಡವೆಯೂ ಕಡಿಮೆಯಾಗುತ್ತದೆ. ಅಂಡಾಶಯದ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಂಭವವೂ ಇಳಿಯುತ್ತದೆ. ಈ ರಕ್ಷಣೆ ಮಾತ್ರೆ ಬಿಟ್ಟು ಬಹಳ ವರ್ಷಗಳಾದರೂ ಇರುತ್ತದೆ. ಇದನ್ನು ನಮ್ಮ ಕಡೆ ಯಾರೂ ಹೇಳುವುದೇ ಇಲ್ಲ.

ಇನ್ನು ಅಪಾಯ. ಇದನ್ನು ಮುಚ್ಚಿಡಬಾರದು, ಸುಮ್ನೆ ಹೆದರಿಸಲೂಬಾರದು. ಈಸ್ಟ್ರೋಜನ್ ಇರುವ ಮಾತ್ರೆಯಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನಕ್ಕೆ ಹೀಗಾಗುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆಯಲ್ಲಿ 5ರಿಂದ 7 ಜನಕ್ಕೆ. ಈಸ್ಟ್ರೋಜನ್ ಜೊತೆ ಡೆಸೊಜೆಸ್ಟ್ರೆಲ್, ಡ್ರಾಸ್ಪಿರೆನೋನ್ ಅನ್ನುವ ಹೊಸ ಪ್ರೊಜೆಸ್ಟಿನ್ ಇರುವುದರಲ್ಲಿ 9ರಿಂದ 12 ಜನಕ್ಕೆ. ಬಸುರಿ ಮತ್ತು ಬಾಣಂತಿಯರಲ್ಲಿ ಈ ಅಪಾಯ ಇದಕ್ಕಿಂತಲೂ ಜಾಸ್ತಿ. ಅಂದರೆ ಆರೋಗ್ಯವಾಗಿರುವ ಹುಡುಗಿಗೆ ಅಪಾಯ ತೀರಾ ಕಡಿಮೆ. ಹೊಸದು, ದುಬಾರಿ ಅಂದ ಮಾತ್ರಕ್ಕೆ ಹೆಚ್ಚು ಸುರಕ್ಷಿತ ಅಂತಲೂ ಅಲ್ಲ. ಹಳೆಯ ಮಾಲಾದ ಸೂತ್ರವೇ ಈ ವಿಷಯದಲ್ಲಿ ಮುಂದಿದೆ.

ಆದರೆ ಕೆಲವರು ಈ ಗುಂಪಿನ ಮಾತ್ರೆಯನ್ನು ಮುಟ್ಟಲೇಬಾರದು. 35 ದಾಟಿ ಸಿಗರೇಟ್ ಸೇದುವವರು. ಬಿಪಿ ಜಾಸ್ತಿ ಇರುವವರು. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಅಥವಾ ಹೃದಯದ ತೊಂದರೆ ಆದವರು. ಸ್ತನ ಕ್ಯಾನ್ಸರ್ ಆದವರು, ಲಿವರ್ ಕಾಯಿಲೆ ತೀವ್ರ ಇರುವವರು. ಮೈಗ್ರೇನ್ ಬರುವ ಮುಂಚೆ ಕಣ್ಣ ಮುಂದೆ ಮಿಂಚಿದ ಹಾಗೆ, ಅಂಕುಡೊಂಕು ಗೆರೆ ಕಂಡ ಹಾಗೆ ಆಗುವವರು. ಈ ಕೊನೆಯದನ್ನು ದಯವಿಟ್ಟು ಗಮನಿಸಿ. "ತಲೆನೋವು ಇದೆ" ಅಂತಷ್ಟೇ ಹೇಳಿ ಸುಮ್ಮನಾಗಬೇಡಿ, ಕಣ್ಣಿಗೆ ಏನು ಕಾಣುತ್ತದೆ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಅಂಥ ಮೈಗ್ರೇನ್ ಇರುವವರಿಗೆ ಈಸ್ಟ್ರೋಜನ್ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಮಾತ್ರೆ ತೆಗೆದುಕೊಳ್ಳುವಾಗ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಇದ್ದಕ್ಕಿದ್ದಂತೆ ಏದುಸಿರು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದಾದರೂ ಆದರೆ ನಾಳೆ ನೋಡೋಣ ಅನ್ನಬೇಡಿ. ಆಸ್ಪತ್ರೆಗೆ ಹೋಗಿ, ಇಂಥ ಮಾತ್ರೆ ತೆಗೆದುಕೊಳ್ತಿದ್ದೀನಿ ಅಂತ ಮೊದಲೇ ಹೇಳಿ. ಸ್ತನ ಕ್ಯಾನ್ಸರ್ ಸಂಭವ ಬಳಸುವಾಗ ತುಸು ಹೆಚ್ಚುತ್ತದೆ, ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತದೆ. 5 ವರ್ಷಕ್ಕಿಂತ ಹೆಚ್ಚು ಬಳಸಿದರೆ ಗರ್ಭಕೊರಳಿನ ಕ್ಯಾನ್ಸರ್ ಸಂಭವವೂ ಸ್ವಲ್ಪ ಏರುತ್ತದೆ. ಅದಕ್ಕೆ ಆಗಾಗ ತಪಾಸಣೆ ಮಾಡಿಸುವುದನ್ನು ಬಿಡಬಾರದು.

ಇನ್ನೊಂದು ವಿಷಯ ನಮ್ಮ ದೇಶದಲ್ಲಿ ತುಂಬ ಮುಖ್ಯ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೈನ್ ಇವು ಗರ್ಭನಿರೋಧಕ ಹಾರ್ಮೋನನ್ನು ದೇಹದಲ್ಲಿ ಬೇಗ ಕರಗಿಸಿಬಿಡುತ್ತವೆ. ಒಂದು ದಿನವೂ ತಪ್ಪಿಸದೆ ನುಂಗಿದರೂ ಗರ್ಭ ನಿಲ್ಲಬಹುದು. ಟಿಬಿ ಔಷಧಿ ಶುರುವಾದ ದಿನವೇ ಬೇರೆ ವಿಧಾನ ಕೇಳಿ, ಕಾಪರ್ ಟಿ ಅಂಥದ್ದು.

ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ ಇರುವವರಿಗೆ ಬರೆದುಕೊಡುವ ಮಾತ್ರೆಗಳೂ ಹೆಚ್ಚಾಗಿ ಇದೇ ಗುಂಪಿನವು. ಕೆಲವದರಲ್ಲಿ ಸೈಪ್ರೊಟೆರೋನ್ ಇರುತ್ತದೆ, ಮೊಡವೆ ಮತ್ತು ಮುಖದ ಕೂದಲಿಗೆ ಕೆಲಸ ಮಾಡುತ್ತದೆ. ಅದರಲ್ಲೂ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಲೆವೊನಾರ್ಜೆಸ್ಟ್ರೆಲ್ ಮಾತ್ರೆಗಿಂತ ಜಾಸ್ತಿ. ಗೆಳತಿಗೆ ಬರೆದ ಚೀಟಿ ತೋರಿಸಿ ನೀವೂ ತೆಗೆದುಕೊಳ್ಳಬೇಡಿ.

ಮಗು ಹುಟ್ಟಿದ ಮೇಲೆ ನನ್ನ ಪಾಲಿಗೆ ಬಂದದ್ದು ಎರಡನೆಯ ಥರ, ಮಿನಿ ಪಿಲ್. ಈಸ್ಟ್ರೋಜನ್ ಎದೆಹಾಲನ್ನು ಕಡಿಮೆ ಮಾಡಬಹುದು, ಬಾಣಂತಿಗೆ ರಕ್ತ ಹೆಪ್ಪುಗಟ್ಟುವ ಭಯವೂ ಇರುತ್ತದೆ. ಹಾಗಾಗಿ ಹಾಲುಣಿಸುವವರಿಗೆ ಮೊದಲ 6 ತಿಂಗಳು ಮಾಲಾ ಥರದ ಮಾತ್ರೆ ಕೊಡುವುದಿಲ್ಲ. ನನಗೆ ಬರೆದದ್ದು ಈಸ್ಟ್ರೋಜನ್ ಇಲ್ಲದ, ಬರೀ ಡೆಸೊಜೆಸ್ಟ್ರೆಲ್ 75 ಮೈಕ್ರೋಗ್ರಾಂ ಇರುವ ಮಾತ್ರೆ. ಇದರಲ್ಲಿ ಬಿಡುವಿನ ವಾರವೇ ಇಲ್ಲ, ದಿನಾ ಒಂದು. 12 ಗಂಟೆಯವರೆಗೆ ತಡವಾದರೆ ನಡೆಯುತ್ತದೆ. ಹಳೆಯ ಕಾಲದ ಮಿನಿ ಪಿಲ್‌ಗಳಿಗೆ 3 ಗಂಟೆಯಷ್ಟೇ ಅವಕಾಶ. ಹಾಲು ಕಡಿಮೆಯಾಗಲಿಲ್ಲ, ಮಗುವಿಗೆ ಏನೂ ಆಗಲಿಲ್ಲ. ಆದರೆ ಯಾವಾಗ ಕಲೆ ಕಾಣುತ್ತದೆ ಅಂತ ಹೇಳಲು ಬರುತ್ತಿರಲಿಲ್ಲ. ಒಂದು ತಿಂಗಳು ಏನೂ ಇಲ್ಲ, ಮುಂದಿನ ತಿಂಗಳು ವಾರಗಟ್ಟಲೆ ಸ್ವಲ್ಪ ಸ್ವಲ್ಪ. ಮುಟ್ಟಿನ ಲೆಕ್ಕ ಇಟ್ಟುಕೊಂಡು ಪೂಜೆ, ಪ್ರಯಾಣ ಅಂತ ಯೋಜನೆ ಮಾಡುವ ಮನೆಗಳಲ್ಲಿ ಇದು ಕಿರಿಕಿರಿ. ಬಿಪಿ ಇರುವವರಿಗೆ, ಈಸ್ಟ್ರೋಜನ್ ಬೇಡ ಅಂದವರಿಗೆ ಇದು ಒಳ್ಳೆಯ ದಾರಿ. ನನಗೆ ಇದನ್ನು ಬಹಳ ಕಾಲ ಮುಂದುವರಿಸುವ ಮನಸ್ಸಾಗಲಿಲ್ಲ.

ಹಾಗೆ ಬಂದದ್ದು ಛಾಯಾ. ಇದರ ಬಗ್ಗೆ ನನಗೆ ತುಂಬ ಪ್ರೀತಿ ಇದೆ, ಹೆಮ್ಮೆಯೂ ಇದೆ. ಇದು ನಮ್ಮ ದೇಶದಲ್ಲೇ ಹುಟ್ಟಿದ ಮಾತ್ರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಡಾ. ನಿತ್ಯಾನಂದ್ ಮತ್ತು ಅವರ ತಂಡ ಸೆಂಟ್‌ಕ್ರೋಮನ್ ಅನ್ನುವ ಔಷಧಿ ಕಂಡುಹಿಡಿದರು. ಅದರ ಇನ್ನೊಂದು ಹೆಸರು ಆರ್ಮೆಲಾಕ್ಸಿಫೀನ್. 1990ರ ದಶಕದ ಶುರುವಿನಲ್ಲಿ ಹಿಂದೂಸ್ತಾನ್ ಲ್ಯಾಟೆಕ್ಸ್, ಅಂದರೆ ಈಗಿನ ಎಚ್‌ಎಲ್‌ಎಲ್ ಲೈಫ್‌ಕೇರ್, ಇದನ್ನು ಸಹೇಲಿ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಈ ಸರ್ಕಾರಿ ಕಂಪನಿಯ ಒಂದು ಕಾರ್ಖಾನೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಇದೆ. 2017ರಲ್ಲಿ ಕೇಂದ್ರ ಸರ್ಕಾರ ಅಂತರಾ ಅನ್ನುವ ಗರ್ಭನಿರೋಧಕ ಚುಚ್ಚುಮದ್ದಿನ ಜೊತೆ ಇದೇ ಮಾತ್ರೆಯನ್ನು ಛಾಯಾ ಅಂತ ಕರೆದು ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಕೊಡಲು ಶುರು ಮಾಡಿತು.

ಇದರಲ್ಲಿ ಹಾರ್ಮೋನ್ ಇಲ್ಲ. ಈಸ್ಟ್ರೋಜನ್ ಕೆಲಸ ಮಾಡುವ ಜಾಗಕ್ಕೇ ಹೋಗಿ ಕೂರುವ ಔಷಧಿ ಇದು. ಅಂಡಾಣು ಎಂದಿನಂತೆ ಬಿಡುಗಡೆಯಾಗುತ್ತದೆ, ಆದರೆ ಗರ್ಭಕೋಶದ ಒಳಪದರದಲ್ಲಿ ಗರ್ಭ ನೆಲೆಯೂರಲು ಬಿಡುವುದಿಲ್ಲ. ಒಂದು ಮಾತ್ರೆ 30 ಮಿಲಿಗ್ರಾಂ. ಮುಟ್ಟಾದ ಮೊದಲ ದಿನ ಮೊದಲ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು. ಉದಾಹರಣೆಗೆ ಮೊದಲನೆಯದು ಭಾನುವಾರ ಆದರೆ ಎರಡನೆಯದು ಬುಧವಾರ. ನಾಲ್ಕನೇ ತಿಂಗಳಿಂದ ವಾರಕ್ಕೆ ಒಂದೇ, ಭಾನುವಾರ ಮಾತ್ರ. ಮುಟ್ಟು ಬರಲಿ ಬಿಡಲಿ, ದಿನ ಬದಲಾಗುವುದಿಲ್ಲ. ಔಷಧಿ ದೇಹದಲ್ಲಿ ನಿಧಾನವಾಗಿ ಕರಗುತ್ತದೆ, ಅದಕ್ಕೇ ವಾರಕ್ಕೊಂದು ಸಾಕು.

ನನಗೆ ಇದರಿಂದ ವಾಕರಿಕೆ ಇಲ್ಲ, ತಲೆಸುತ್ತು ಇಲ್ಲ. ಎದೆಹಾಲು ಕೊಡುತ್ತಿರುವಾಗಲೇ ಶುರು ಮಾಡಿದೆ, ಅದಕ್ಕೂ ಅಡ್ಡಿಯಿಲ್ಲ. ಸ್ರಾವ ಕಡಿಮೆಯಾಯಿತು. ಮುಟ್ಟು ಮಾತ್ರ ಮುಂದೆ ಮುಂದೆ ಹೋಯಿತು. ಇದು ಛಾಯಾದ ಗೊತ್ತಿರುವ ಗುಣ, ಮೊದಲ ತಿಂಗಳುಗಳಲ್ಲಿ ಹೆಚ್ಚು ಕಾಣುತ್ತದೆ, ಬರುಬರುತ್ತಾ ಸರಿಹೋಗುತ್ತದೆ. ಆ ತಿಂಗಳುಗಳಲ್ಲಿ ಮನಸ್ಸಿಗೆ ಎಷ್ಟು ಕಳವಳ ಆಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಡೇಟ್ ದಾಟಿ 15 ದಿನ ಆದರೂ ಬರದಿದ್ದರೆ ಟೆಸ್ಟ್ ಮಾಡಿಕೊಳ್ಳಿ, ಅನುಮಾನ ಇಟ್ಟುಕೊಂಡು ಕೂರಬೇಡಿ.

ಒಂದೆರಡು ದಿನ ತಡವಾದರೆ ನೆನಪಾದ ತಕ್ಷಣ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಿ, ಎಂದಿನ ವಾರ ಮುಂದುವರಿಸಿ. 7 ದಿನ ದಾಟಿದರೆ ಹೊಸಬರಂತೆ ಮತ್ತೆ ವಾರಕ್ಕೆರಡರಿಂದ ಶುರು ಮಾಡಬೇಕು. ಸರಿಯಾಗಿ ಬಳಸಿದರೆ ವರ್ಷಕ್ಕೆ 100 ಜನರಲ್ಲಿ ಒಬ್ಬಿಬ್ಬರಿಗೆ ಗರ್ಭ ನಿಲ್ಲುತ್ತದೆ. ತಪ್ಪದೆ ನುಂಗಿದ ಮಾಲಾ ಇದಕ್ಕಿಂತ ಗಟ್ಟಿ. ಆದರೆ ದಿನಾ ನೆನಪಿಡಲು ಆಗದವರಿಗೆ ವಾರಕ್ಕೊಂದೇ ನನ್ನ ಆಯ್ಕೆ. ಪಿಸಿಓಡಿ ಇರುವವರು, ಇತ್ತೀಚೆಗೆ ಕಾಮಾಲೆ ಆದವರು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ಟಿಬಿ ಇರುವವರು ಛಾಯಾ ತೆಗೆದುಕೊಳ್ಳಬಾರದು.

ನನ್ನ ಒಂದೇ ದೂರು ಸಿಗುವುದರ ಬಗ್ಗೆ. ಒಮ್ಮೆ ಆರೋಗ್ಯ ಕೇಂದ್ರದಲ್ಲಿ ಸ್ಟಾಕ್ ಇಲ್ಲ ಅಂದುಬಿಟ್ಟರು, ಬದಲಿಗೆ ಮಾಲಾ-ಎನ್ ಕೊಡಲು ಹೊರಟರು. ಎರಡೂ "ಮಾತ್ರೆ"ಯೇ ಆದರೂ ಒಂದರ ಬದಲಿಗೆ ಇನ್ನೊಂದನ್ನು ಹೀಗೆ ಕೊಡಲು ಬರುವುದಿಲ್ಲ. ಅಂಗಡಿಯಲ್ಲಿ ಸಹೇಲಿ ಕೊಂಡು ಮುಂದುವರಿಸಿದೆ. ಅವತ್ತಿನಿಂದ ಒಂದು ಸ್ಟ್ರಿಪ್ ಯಾವಾಗಲೂ ಮುಂಚಿತವಾಗಿ ಇಟ್ಟುಕೊಂಡಿರುತ್ತೇನೆ. ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಮಾತ್ರ ತುಂಬ ಸಹಾಯ ಮಾಡಿದರು. ಅತ್ತೆ ಮುಂದೆ ಹೇಳಲು ಮುಜುಗರ ಅಂತ ಗೊತ್ತಾಗಿ ಮನೆಯ ಹೊರಗೇ ಕರೆದು ಎಲ್ಲ ವಿವರಿಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಅಂಥ ರಾಜ್ಯದಲ್ಲಿ ಇವತ್ತಿಗೂ ಮದುವೆಯಾದ ಅರ್ಧಕ್ಕಿಂತ ಹೆಚ್ಚು ಹೆಂಗಸರ ಪಾಲಿಗೆ ಕುಟುಂಬ ಯೋಜನೆ ಅಂದರೆ ಆಪರೇಷನ್. ಬೇಗ ಬೇಗ ಎರಡು ಮಕ್ಕಳು, ಆಮೇಲೆ ಆಪರೇಷನ್. ನಡುವೆ ಅಂತರ ಇಟ್ಟುಕೊಳ್ಳಬಹುದು, ದೇಹಕ್ಕೆ ಸುಧಾರಿಸಿಕೊಳ್ಳಲು ಸಮಯ ಕೊಡಬಹುದು ಅಂತ ಇಪ್ಪತ್ತೆರಡರ ಹುಡುಗಿಗೆ ಕೂರಿಸಿಕೊಂಡು ಹೇಳುವವರು ಬೇಕು.

ಇನ್ನು ಮಾತ್ರೆ ಅಂತ ಜನ ಒಟ್ಟಿಗೆ ಕಲಸಿಬಿಡುವ ಬೇರೆ ಎರಡು ಇವೆ. ಒಂದು ತುರ್ತು ಮಾತ್ರೆ, ಐ-ಪಿಲ್, ಅನ್‌ವಾಂಟೆಡ್-72 ಥರದವು. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, 72 ಗಂಟೆಯೊಳಗೆ. ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಕಾಂಡೋಮ್ ಹರಿದಾಗ, ಬಲವಂತ ನಡೆದಾಗ ಇದು ದೊಡ್ಡ ಆಸರೆ. ಗರ್ಭ ಆಗಲೇ ನಿಂತಿದ್ದರೆ ಇದರಿಂದ ಏನೂ ಆಗುವುದಿಲ್ಲ, ಗರ್ಭಪಾತದ ಮಾತ್ರೆಯೇ ಬೇರೆ. ತಿಂಗಳು ತಿಂಗಳು ಇದನ್ನೇ ನುಂಗುವುದು ಬೇಡ. ದಿನದ ಮಾತ್ರೆಯಷ್ಟು ಇದು ಕಾಯುವುದಿಲ್ಲ, ಮುಟ್ಟಿನ ಲೆಕ್ಕವೂ ಏರುಪೇರಾಗುತ್ತದೆ.

ಇನ್ನೊಂದು ಮುಟ್ಟು ಮುಂದೂಡುವ ಮಾತ್ರೆ. ಗೃಹಪ್ರವೇಶ, ಮದುವೆ, ವರಮಹಾಲಕ್ಷ್ಮಿ ಹಬ್ಬ ಅಂದರೆ ನಮ್ಮ ಮನೆಗಳಲ್ಲಿ ಇದನ್ನು ತರಿಸುತ್ತಾರೆ. ಅದು ನಾರ್‌ಎಥಿಸ್ಟರೋನ್ 5 ಮಿಲಿಗ್ರಾಂ, ಸಾಮಾನ್ಯವಾಗಿ ದಿನಕ್ಕೆ ಮೂರು, ಡೇಟಿಗೆ ಮೂರು ದಿನ ಮುಂಚಿನಿಂದ. ಹೀಗೆ ಬಳಸಿದಾಗ ಅದು ಗರ್ಭ ತಡೆಯುತ್ತದೆ ಅಂತ ನಂಬಬಾರದು. ಈ ಪ್ರಮಾಣದಲ್ಲಿ ಅದರ ಒಂದಂಶ ದೇಹದೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟುವ ಭಯ ಇರುವವರಿಗೆ ಇದೂ ಬೇಡ. ಅಕ್ಕಪಕ್ಕದ ಮನೆಯಿಂದ ಎರಡು ಮಾತ್ರೆ ಇಸಿದುಕೊಂಡು ನುಂಗುವ ರೂಢಿಯನ್ನು ದಯವಿಟ್ಟು ಬಿಡಿ. ದೇವರಿಗೆ ಕೈಮುಗಿಯಲು ಮುಟ್ಟು ಅಡ್ಡಿ ಅಂತ ನಾನು ನಂಬುವುದಿಲ್ಲ. ನಂಬುವವರು ಕೂಡ ಡಾಕ್ಟರನ್ನು ಒಂದು ಮಾತು ಕೇಳಿಯೇ ತೆಗೆದುಕೊಳ್ಳಲಿ.

ಯಾವ ಮಾತ್ರೆಯೂ ಎಚ್‌ಐವಿ ಅಥವಾ ಬೇರೆ ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ. ಅದಕ್ಕೆ ಕಾಂಡೋಮೇ ಬೇಕು.

"ಮಾತ್ರೆ ತಿಂದರೆ ಮುಂದೆ ಮಕ್ಕಳಾಗಲ್ಲ" ಅನ್ನುವ ಮಾತನ್ನು ನಾನೂ ಕೇಳಿದ್ದೇನೆ, ಅದೂ ಹತ್ತಿರದವರ ಬಾಯಿಂದಲೇ. ಅದು ಸುಳ್ಳು. ಮಾಲಾ ಬಿಟ್ಟ ಮೇಲೆ ಹೆಚ್ಚಿನವರಿಗೆ ಒಂದರಿಂದ ಮೂರು ತಿಂಗಳಲ್ಲಿ ಅಂಡಾಣು ಬಿಡುಗಡೆ ಮೊದಲಿನಂತಾಗುತ್ತದೆ. ನನ್ನ ಮಗ ಹುಟ್ಟಿದ್ದು ಆ ಮಾತ್ರೆ ಬಿಟ್ಟ ಮೇಲೆಯೇ. ಛಾಯಾ ಕೂಡ ಬಿಟ್ಟ ಮೇಲೆ ಗರ್ಭ ನಿಲ್ಲಲು ಅಡ್ಡಿಯಾಗುವುದಿಲ್ಲ. ಮಗು ಬೇಕು ಅಂತ ನಿರ್ಧಾರ ಮಾಡಿದರೆ ಮಾತ್ರೆ ನಿಲ್ಲಿಸುವ ಮುಂಚೆಯೇ ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ದಿನಾ ಶುರು ಮಾಡಿ. ಮಗುವಿನ ಮಿದುಳು, ಬೆನ್ನುಹುರಿ ಬೆಳೆಯುವುದು ಗರ್ಭ ನಿಂತ ಮೊದಲ ವಾರಗಳಲ್ಲೇ, ಎಷ್ಟೋ ಸಲ ನಮಗೆ ಗೊತ್ತಾಗುವ ಮುಂಚೆಯೇ. ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಬಿಡುತ್ತಿದ್ದೇನೆ ಅಂತ ಹೇಳಿ, ಅದನ್ನೂ ಅಲ್ಲೇ ಕೇಳಿ.